ಲಾರಿ ಹಿಂದಿನ ಒಂಟಿ ಶೂ

ಪ್ರೀತಿಯ ಉಸ್ತಾದ್,

ನೀವು ಹೋದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಇದ್ದಾಗಲೂ ಬರೆದಿರಲಿಲ್ಲ ಅನ್ನಿ. ಆನೇಮಹಲ್‌ನ ತಗಡಿನ ಶೆಡ್ಡಿನಲ್ಲಿ ದಿನವಿಡೀ ಒಂದೇ ಲಾರಿಗೆ ಆ ಕಡೆ ನೀವು, ಈ ಕಡೆ ನಾನು ಬಣ್ಣ ಹಚ್ಚುತ್ತಿದ್ದವರಿಗೆ ಪತ್ರ ಯಾಕೆ ಬೇಕಿತ್ತು? ಈಗ ಹೇಳಲೇಬೇಕಾದ ಸಂಗತಿಯೊಂದಿದೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಅಪ್ಪ ನನ್ನನ್ನು ನಿಮ್ಮ ಹತ್ತಿರ ತಂದು ಬಿಟ್ಟ ದಿನ ನೆನಪಿದೆಯಾ? "ಹೆಣ್ಣುಡ್ಗಿ ಲಾರಿಗೆ ಬಣ್ಣ ಹೊಡೀತಾಳಾ ಮಾರಾಯ?" ಎಂದು ಪಕ್ಕದ ಪಂಕ್ಚರ್ ಅಂಗಡಿಯವರು ನಕ್ಕಿದ್ದಕ್ಕೆ, "ಬ್ರಷ್‌ಗೇನು ಮೀಸೆ ಬೇಕಾ?" ಎಂದಿರಿ. ಅಪ್ಪನ ಜೊತೆ ಲಾರಿಯಲ್ಲೇ ಓಡಾಡಿ ಬೆಳೆದವಳಿಗೆ ನೀವು ಕೊಟ್ಟ ಮೊದಲ ಕೆಲಸ ಬಣ್ಣದ್ದಲ್ಲ. ದೃಷ್ಟಿ ತಾಗದಿರಲಿ ಎಂದು ಲಾರಿಯ ಹಿಂದೆ ಕಟ್ಟಿರುತ್ತಾರಲ್ಲ ಮಗುವಿನ ಹಳೇ ಶೂ, ಅದನ್ನು ಬಿಚ್ಚಿಡುವುದು, ಬಣ್ಣ ಒಣಗಿದ ಮೇಲೆ ಮತ್ತೆ ಕಟ್ಟುವುದು. ನೀವು ಪ್ರತಿ ಡ್ರೈವರನ್ನೂ ಕೇಳುತ್ತಿದ್ದಿರಿ, ಯಾರ ಮಗುವಿನದು, ಈಗ ಎಷ್ಟನೇ ಕ್ಲಾಸು ಅಂತ. ಬೇಗ ಕೆಲಸ ಮುಗಿಸುವುದು ಬಿಟ್ಟು ಇದೇನು ಹರಟೆ ಎಂದು ನನಗೆ ಸಿಟ್ಟು ಬರುತ್ತಿತ್ತು.

ನಾನು ಶನಿವಾರ ಶನಿವಾರ ಕುಂದೂರಿನ ಆಚೆಯ ಸಣ್ಣ ಸರ್ಕಾರಿ ಶಾಲೆಗೆ ಚಿತ್ರ ಕಲಿಸಲು ಹೋಗತೊಡಗಿದಾಗ, "ಲಾರಿ ಬರಿಯೋದು ಕಲಿಸ್ಬೇಡ ಬೇಟಿ, ಅಪ್ಪಂದ್ರು ಹೊಡೀತಾರೆ" ಎಂದು ರೇಗಿಸಿದ್ದಿರಿ. ಅಲ್ಲಿನ ಮಕ್ಕಳು ಕೂಲಿಯವರ ಸಾಲುಮನೆಗಳಿರುವ ಎಸ್ಟೇಟ್ ಲೈನಿನವರು, ಕಾಫಿ ತೋಟದೊಳಗಿನ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದರು. ನೀವು ಹೋದ ಮೇಲಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ದಾರಿಯ ತಿರುವಿನಲ್ಲೇ ಒಂಟಿ ಸಲಗ ನಿಂತಿತ್ತು. ಮಕ್ಕಳೆಲ್ಲ ಚೆಲ್ಲಾಪಿಲ್ಲಿಯಾಗಿ ಓಡಿದರು. ಮೂರನೇ ಕ್ಲಾಸಿನ ಚೈತ್ರಳ ಬಲಗಾಲಿನ ಶೂ ಕೆಸರಿನಲ್ಲಿ ಹೂತುಕೊಂಡಿತು, ಕಾಲು ಮಾತ್ರ ಬಂತು. ಯಾರಿಗೂ ಏನೂ ಆಗಲಿಲ್ಲ. ಆದರೆ ಚೈತ್ರ ಅವತ್ತಿನಿಂದ ಶಾಲೆಗೆ ಬರಲಿಲ್ಲ. ಅವಳ ಹಿಂದೆಯೇ ಒಬ್ಬೊಬ್ಬರಾಗಿ ಉಳಿದವರೂ ನಿಲ್ಲತೊಡಗಿದರು.

ಹೆಡ್‌ಮಿಸ್ ಒಬ್ಬರೇ ಸ್ಟಾಫ್ ರೂಮಿನಲ್ಲಿ ಕೂತು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಒಂದು ಜೀಪ್ ಆದ್ರೆ ಸಾಕು ಕಣೇ, ಎಲ್ಲಾ ಬತ್ತಾರೆ." ಜೀಪಿನ ದುಡ್ಡಿಗೆ ಮಕ್ಕಳ ಮುಖ ಬರೆದು ಮಾರೋಣವೇ ಎಂದು ಕೇಳಿದೆ. "ಬೇಡ. ಮಕ್ಕಳ ಮುಖ ತೋರ್ಸಿ ದುಡ್ಡು ಕೇಳಕ್ಕಿಲ್ಲ ನಾನು" ಎಂದುಬಿಟ್ಟರು. ನನಗೆ ಅವರ ಮೇಲೆ ಗೌರವವೂ ಹುಟ್ಟಿತು, ಕೋಪವೂ ಬಂತು. ಹೊರಗೆ ಬಂದರೆ ಕ್ಲಾಸಿನ ಬಾಗಿಲಲ್ಲಿ, ಇನ್ನೂ ಬರುತ್ತಿದ್ದ ಮಕ್ಕಳು ಬಿಟ್ಟಿದ್ದ ಶೂಗಳು. ಮುಖ ಬೇಡವಾದರೆ ಇವನ್ನು ಬರೆದರೆ ಆಗದೇ?

ಹಿಂದೊಮ್ಮೆ ನೀವು ಕಪ್ಪು ಬಣ್ಣದ ಡಬ್ಬಿಯನ್ನೇ ಬಚ್ಚಿಟ್ಟು ನನ್ನ ಕೈಯಲ್ಲಿ ಟೈರ್ ಬರೆಸಿದ್ದಿರಿ. "ಕಪ್ಪು ಅಂತ ಒಂದೇ ಬಣ್ಣ ಇಲ್ಲ, ಸರಿಯಾಗಿ ನೋಡು" ಎಂದು ಗದರಿದ್ದಿರಿ. ಆ ಗದರಿಕೆ ಕೊನೆಗೂ ಉಪಯೋಗಕ್ಕೆ ಬಂತು. ಎಲ್ಲವೂ ಸರ್ಕಾರ ಕೊಟ್ಟ ಒಂದೇ ತರಹದ ಕಪ್ಪು ಶೂಗಳು. ಆದರೆ ಒಂದಕ್ಕೆ ಲೇಸಿನ ಬದಲು ಗೋಣಿ ದಾರ, ಇನ್ನೊಂದರ ಹಿಮ್ಮಡಿ ತುಳಿದು ತುಳಿದು ಚಪ್ಪಟೆ. ಮತ್ತೊಂದರ ಬಾಯಲ್ಲಿ ಬಿಳಿ ಬಿಳಿ. ರಕ್ತ ಹೀರುವ ಇಂಬಳ ಕಾಲಿಗೆ ಹತ್ತದಿರಲಿ ಎಂದು ಅಮ್ಮ ಸಾಕ್ಸಿಗೆ ಹಚ್ಚಿದ ಉಪ್ಪು. ಚೈತ್ರಳ ಅಪ್ಪ ಆಮೇಲೆ ಕೆಸರಿನಿಂದ ಕಿತ್ತು ತಂದಿದ್ದ ಆ ಒಂದು ಶೂವನ್ನೂ ಬರೆದೆ, ಜೊತೆಯಿಲ್ಲದೆ, ಕೆಸರಿನ ಸಮೇತ. ನೀವಿದ್ದಿದ್ದರೆ ಅದನ್ನು ನೋಡಿ ಬೀಡಿ ಹಚ್ಚುತ್ತಿದ್ದಿರಿ. ಅದು ನೀವು ಮೆಚ್ಚಿಕೊಂಡ ಲಕ್ಷಣ ಎಂದು ನನಗೆ ಗೊತ್ತು.

ಸಕಲೇಶಪುರದಲ್ಲಿ ಒಂದು ಹಾಲ್ ಹಿಡಿದು ಚಿತ್ರಗಳನ್ನು ಮಾರಾಟಕ್ಕಿಟ್ಟ ದಿನ ನಿಮ್ಮನ್ನು ಎಷ್ಟು ಸಲ ನೆನೆಸಿಕೊಂಡೆನೋ. ಜನ ಬಂದರು, ಹೊಗಳಿದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಒಬ್ಬರೂ ಕೊಳ್ಳಲಿಲ್ಲ. ಒಬ್ಬ ಹೆಂಗಸು ಮಾತ್ರ ಬಾಯಿಬಿಟ್ಟು ಹೇಳಿದರು: "ಚೆನ್ನಾಗೈತೆ ಕಣ್ರೀ. ಆದ್ರೆ ಎಲ್ಲಿ ನೇತಾಕದು? ಕಾಲಿಗೆ ಹಾಕದ್ನ ಗೋಡೆಗೆ ಹಾಕಿದ್ರೆ ನಮ್ಮತ್ತೆ ನನ್ನೇ ಹೊರಗಾಕ್ತಾರೆ." ಇದು ನನಗೆ ಹೊಳೆಯಲೇ ಇಲ್ಲವಲ್ಲ ಉಸ್ತಾದ್? ಲಾರಿಗೆ ಬರೆದು ಅಭ್ಯಾಸವಾದವಳಿಗೆ ಮನೆಯ ಗೋಡೆಯ ಯೋಚನೆ ಎಲ್ಲಿಂದ ಬರಬೇಕು. ಚೈತ್ರಳ ಚಿತ್ರದ ಮುಂದೆ ನಿಂತ ಹಿರಿಯರೊಬ್ಬರು, "ಒಂದೇ ಶೂ ಯಾಕ್ರೀ? ಮಗೀಗೆ ಏನಾರ..." ಎಂದವರು ಮಾತು ಮುಗಿಸದೆ ಹೊರಟೇ ಹೋದರು. ಸಂಜೆ ಚಿತ್ರಗಳನ್ನು ಇಳಿಸುವಾಗ ಅತ್ತುಬಿಟ್ಟೆ. ಜೀಪ್ ಬರುತ್ತದೆ ಎಂದು ಮಕ್ಕಳಿಗೆ ಆಗಲೇ ಹೇಳಿ ಆಗಿತ್ತು.

ನಿಮ್ಮ ಹಳೇ ಗಿರಾಕಿ ಶಿವಣ್ಣ, ಪ್ರತಿ ಸಲ ರೇಟಿಗೆ ನಿಮ್ಮ ಜೊತೆ ಜಗಳ ಕಾಯುತ್ತಿದ್ದವರು, ಚಿತ್ರಗಳನ್ನು ವಾಪಸ್ ಸಾಗಿಸಲು ತಮ್ಮ ಹೊಸ ಲಾರಿ ತಂದಿದ್ದರು. ಆ ಒಂಟಿ ಶೂವಿನ ಚಿತ್ರವನ್ನು ಕೈಯಲ್ಲಿ ಹಿಡಿದು, "ಇದ್ಯಾರ್ ಮಗೀದು?" ಎಂದರು. ನಡೆದದ್ದನ್ನೆಲ್ಲ ಹೇಳಿದೆ.

"ಮಗೀಗೇನೂ ಆಗ್ಲಿಲ್ವಾ?"

"ಒಂದು ಗೀರೂ ಇಲ್ಲ."

"ಹಂಗಾರೆ ಇದನ್ನ ನನ್ ಲಾರಿ ಹಿಂದೆ ಬರ್ಕೊಡವ್ವ. ಆನೆ ಮುಂದ್ಲಿಂದ ಮಗೀನ ಉಳಿಸ್ಕಂಡ್ ಬಂದೈತೆ, ಇದಕ್ಕಿಂತ ಇನ್ನೇನ್ ಬೇಕು? ಕಟ್ಟಿದ್ ಶೂ ಮಳೇಗೆ ಕಿತ್ತೋಗ್ಬುಡ್ತದೆ. ಇದು ಇರ್ತೈತೆ."

ನಂಬುತ್ತೀರೋ ಇಲ್ಲವೋ, ಶಿವಣ್ಣ ರೇಟ್ ಕೇಳಲಿಲ್ಲ. ಬಂಪರಿನ ಮೇಲೆ, ಶೂ ಕಟ್ಟುವ ಜಾಗದಲ್ಲೇ, ನಿಜವಾದ ಅಳತೆಯಲ್ಲೇ ಬರೆದುಕೊಟ್ಟೆ. ಅದನ್ನು ನೋಡಿ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ಗೋಣಿ ದಾರದ ಶೂ, ಉಪ್ಪಿನ ಶೂ, ಎಲ್ಲವೂ ಒಂದೊಂದಾಗಿ ಹೆದ್ದಾರಿ ಹತ್ತಿದವು. ಸ್ಟಿಕ್ಕರ್ ಬಂದು ನಮ್ಮ ಕೈ ಕಟ್ಟಿತು ಎಂದು ಕೊರಗುತ್ತಿದ್ದಿರಲ್ಲ, ಈಗ ಶೆಡ್ಡಿನ ಮುಂದೆ ಬ್ರಷ್ ಕೆಲಸಕ್ಕೆ ಲಾರಿಗಳು ಕಾಯುತ್ತವೆ. ಯಾರ ಮಗು, ಎಷ್ಟನೇ ಕ್ಲಾಸು ಎಂದು ಈಗ ಡ್ರೈವರುಗಳೇ ನನ್ನನ್ನು ಕೇಳುತ್ತಾರೆ.

ಲಾರಿ ಚಿತ್ರಗಳ ದುಡ್ಡಿನಲ್ಲಿ ಗೊತ್ತುಮಾಡಿದ ಜೀಪ್ ಮೊದಲ ಸಲ ಲೈನಿನ ಮುಂದೆ ನಿಂತ ಬೆಳಿಗ್ಗೆ ನಾನೂ ಒಳಗಿದ್ದೆ. ಮಕ್ಕಳು ಸೀಟಿಗೆ ಕಿತ್ತಾಡಿದರು. ಚೈತ್ರ ಮಾತ್ರ ಅಜ್ಜಿಯ ಸೆರಗಿನ ಹಿಂದಿನಿಂದ, "ಆನೆ ಜೀಪ್ನೂ ಬೀಳಿಸ್ತದಂತೆ" ಎಂದಳು. ಬೀಳಿಸುವುದಿಲ್ಲ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಬಲವಂತ ಬೇಡ ಎಂದರು ಹೆಡ್‌ಮಿಸ್. ವಾರಗಳು ಕಳೆದವು. ಜೀಪ್ ದಿನಾ ಅವಳ ಮನೆಯ ಮುಂದೆ ಹಾರನ್ ಹೊಡೆದು ಮುಂದೆ ಹೋಗುತ್ತಿತ್ತು. ಎಲ್ಲರೂ ಬಂದರು, ಯಾರ ಶೂನಿಂದ ಇದೆಲ್ಲ ಶುರುವಾಯಿತೋ ಅವಳೇ ಬರಲಿಲ್ಲವಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಮೊನ್ನೆ ಶನಿವಾರ ನಾನು ಜೀಪಿನಲ್ಲಿ ಲೈನಿಗೆ ಹೋದಾಗ ಎಸ್ಟೇಟ್ ಸ್ಟೋರಿನ ಮುಂದೆ ಶಿವಣ್ಣನ ಲಾರಿ ಕಾಫಿ ಲೋಡಿಗೆ ನಿಂತಿತ್ತು. ಅದರ ಹಿಂದೆ ಚೈತ್ರ ನಿಂತಿದ್ದಳು. ಚಿತ್ರದ ಮೇಲೆ ಸಿಡಿದಿದ್ದ ಕೆಸರನ್ನು ಲಂಗದ ಅಂಚಿನಿಂದ ಒರೆಸುತ್ತಿದ್ದಳು.

"ನಿನ್ ಶೂ ಘಾಟಿ ಇಳ್ದು ಮಂಗ್ಳೂರಿಗೋಗಿ ಸಮುದ್ರ ನೋಡ್ಕಂಡ್ ಬಂತು ಕಣವ್ವ" ಎಂದರು ಶಿವಣ್ಣ.

"ದಾರೀಲಿ ಆನೆ ಇರ್ಲಿಲ್ವಾ?"

"ಇದ್ವು. ನಾವು ನಿಂತ್ಕಂಡ್ವಿ. ಅವು ದಾಟ್ಕಂಡ್ ಹೋದ್ವು. ಆಮೇಲೆ ನಾವು ಹೋದ್ವಿ."

ಅವಳು ಉಳಿದ ಕೆಸರನ್ನೂ ಒರೆಸಿದಳು. ಆಮೇಲೆ ಬರಿಗಾಲನ್ನು ಎತ್ತಿ ಬಂಪರಿನ ಮೇಲಿನ ಚಿತ್ರಕ್ಕೆ ಒತ್ತಿ ಹಿಡಿದಳು. ಹೆಬ್ಬೆರಳು ಚಿತ್ರದಿಂದ ಆಚೆ ಬಂದಿತ್ತು.

"ಇದು ಸಣ್ದಾಗೈತೆ ಮಿಸ್. ಇಸ್ಕೂಲಿಗೆ ಹೊಸಾದ್ ಬೇಕು" ಎಂದಳು.

ಅಷ್ಟು ಹೇಳಿ ಬರಿಗಾಲಲ್ಲೇ ಹೋಗಿ ಜೀಪ್ ಹತ್ತಿ ಕೂತಳು ಉಸ್ತಾದ್. ಅವಳ ಪಾಲಿನ ಹೊಸ ಜೊತೆಯನ್ನು ಹೆಡ್‌ಮಿಸ್ ಬೀರುವಿನಲ್ಲಿ ಎತ್ತಿಟ್ಟಿದ್ದರು. ಮಧ್ಯಾಹ್ನ ಅದನ್ನು ಹಾಕಿಕೊಂಡೇ ಮನೆಗೆ ಹೋದಳು. ಅದನ್ನೂ ಬರೆದುಕೊಡು ಎಂದು ಶಿವಣ್ಣ ಆಗಲೇ ಗಂಟುಬಿದ್ದಿದ್ದಾರೆ. ಬರೆಯುವುದಿಲ್ಲ, ನಿಮ್ಮಾಣೆ. ಮೊದಲು ಅವಳು ಅದನ್ನು ಹಾಕಿಕೊಂಡು ದಿನಾ ಶಾಲೆಗೆ ಹೋಗಿ ಚೆನ್ನಾಗಿ ಸವೆಸಲಿ.

ನಿಮ್ಮ ಬೇಟಿ,
ಸುಮಾ