ಹೆಸರು ಬರೆದ ಹಾಳೆ

ಶಿವರಂಜಿನಿ,

ಇವತ್ತು ಕಾಲೇಜಿನ ನನ್ನ ಕೋಣೆ ಖಾಲಿ ಮಾಡಿದೆ. ನಾಡಿದ್ದು ನಿವೃತ್ತಿ. ಹದಿಹರೆಯದವರ ಮನಸ್ಸನ್ನು ಮೂವತ್ತು ವರ್ಷ ಅಧ್ಯಯನ ಮಾಡಿದವಳು ಎಂದು ಹೊಗಳಿ ಶಾಲು ಹೊದಿಸುತ್ತಾರಂತೆ.

ಹಳೆಯ ಪ್ರಶ್ನಾವಳಿಗಳನ್ನು ಹರಿದು ಹಾಕಲು ನನ್ನ ಸಹಾಯಕಿ ದೀಪ್ತಿ ಬಂದಿದ್ದಳು. ಒಂದು ಕಟ್ಟಿನಿಂದ ಹಾಳೆ ಎಳೆದು, "ಮೇಡಂ, ಇದ್ರಲ್ಲಿ ಹೆಸರಿದೆ ನೋಡಿ" ಅಂದಳು.

ಅದು ನಿನ್ನದು. ಆರು ವರ್ಷದ ಹಿಂದೆ ನಿಮ್ಮ ತರಗತಿಯಲ್ಲಿ ಈ ಪ್ರಶ್ನಾವಳಿ ಹಂಚುವಾಗ, ಯಾರೂ ಹೆಸರು ಬರೆಯಬಾರದು ಎಂದು ಮೂರು ಸಲ ಹೇಳಿದ್ದೆ. ನೀನು ಬರೆದಿದ್ದೆ, ದಪ್ಪ ಅಕ್ಷರದಲ್ಲಿ, ರೋಲ್ ನಂಬರ್ ಸಮೇತ. ಅದರ ಕೆಳಗೆ, 'ಮೇಡಂ, ನನ್ನನ್ನ ಒಂದ್ಸಲ ಕರೀತೀರಾ?'

ಪಕ್ಕದಲ್ಲಿ ಕೆಂಪು ಇಂಕಿನಲ್ಲಿತ್ತು: 'ಹೆಸರು ಬರೆದಿದ್ದಾಳೆ. ಸೇರಿಸಬೇಡಿ.'

ದೀಪ್ತಿ ನನ್ನ ಅಕ್ಷರ ಬಲ್ಲವಳು. ಹಾಳೆಯನ್ನು ಮೇಜಿನ ಮೇಲಿಟ್ಟು, ಕಾಫಿ ತರುತ್ತೇನೆಂದು ಹೊರಗೆ ಹೋದಳು.

ನಿಯಮ ಸರಿಯಾಗಿಯೇ ಇತ್ತು. ನಾನದನ್ನು ಚಾಚೂ ತಪ್ಪದೆ ಪಾಲಿಸಿದೆ. ಮಿಕ್ಕ ಹಾಳೆಗಳಿಂದ ಬರೆದ ಪ್ರಬಂಧಕ್ಕೆ ಪ್ರಶಸ್ತಿಯೂ ಬಂತು.

ಈ ಹಾಳೆ ಇವತ್ತು ಸಿಕ್ಕಿತು ಎಂದು ಬರೆಯಲು ಹೊರಟಿದ್ದೆ. ಆದರೆ ನಾನಿದನ್ನು ಮರೆತೇ ಇರಲಿಲ್ಲ. ನೀನು ತೀರಿಹೋದ ಮೇಲೆ ನಡೆದ ಶಿವಗಣಾರಾಧನೆಯ ದಿನ ಅಕ್ಕಿಪೇಟೆಯ ನಿಮ್ಮ ಮನೆಗೆ ಬಂದಾಗಲೂ ನೆನಪಿತ್ತು. ನಿಮ್ಮಮ್ಮ ನನ್ನ ಕೈ ಹಿಡಿದುಕೊಂಡು, "ನಿಮ್ಮನ್ನ ಕಂಡ್ರೆ ಅವಳಿಗೆ ತುಂಬಾ ಇಷ್ಟ ಮೇಡಂ. ನಿಮ್ಮ ಹತ್ರನಾದ್ರೂ ಏನಾದ್ರೂ ಹೇಳಿದ್ಲಾ?" ಎಂದು ಕೇಳಿದರು.

"ಇಲ್ಲಮ್ಮ, ಏನೂ ಹೇಳ್ಲಿಲ್ಲ" ಅಂದೆ. "ಹೇಳಿದ್ರೆ ನಾನು ಸುಮ್ನಿರ್ತಿದ್ನಾ?"