ಪೆನ್ಸಿಲ್‌ನಲ್ಲಿ ಬರೆದ ಯೋಜನೆ

ಮಂಗಳವಾರ, ಮಧ್ಯಾಹ್ನ
ವಾರ್ಡಿನ ಪಕ್ಕದ ನನ್ನ ಕೋಣೆ

ನನ್ನ ಮೇಷ್ಟ್ರಮ್ಮ ಮಗಳೇ,

ಒಂದೇ ಊರಿನಲ್ಲಿದ್ದುಕೊಂಡು, ನಾಲ್ಕು ಬಸ್ ಸ್ಟಾಪಿನ ದೂರಕ್ಕೆ ಅಮ್ಮ ಕಾಗದ ಬರೆಯುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿತಾ ಎಂದುಕೊಳ್ಳಬೇಡ. ಫೋನಿನಲ್ಲಿ ಶುರು ಮಾಡಿದರೆ ಮೂರನೇ ಮಾತಿಗೆ ನಾವಿಬ್ಬರೂ ಕಿತ್ತಾಡುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಈ ಅನುಕೂಲ ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ನರ್ಸಿಂಗ್ ಮೂರನೇ ವರ್ಷದವರಿಗೆ ನೀನು ಹೇಳಿಕೊಡುವ ಪಾಠ, ಅದೇ, ಒಂದು ಕೆಲಸಕ್ಕೆ ಯೋಜನೆ ಹಾಕಿ ಮುಗಿಸುವುದು ಹೇಗೆ ಎಂಬ ಪಾಠ, ಮುಂದಿನ ವರ್ಷ ಇರಬೇಕೋ ಬೇಡವೋ ಎಂದು ಗುರುವಾರ ನಿಮ್ಮ ಕಾಲೇಜಿನ ಸಮಿತಿ ತೀರ್ಮಾನಿಸುತ್ತದೆ. ನಿನ್ನ ಐದು ಜನ ಹುಡುಗಿಯರು ನನ್ನ ವಾರ್ಡಿನಲ್ಲಿ ಆರು ವಾರ ಮಾಡಿದ ಕೆಲಸದ ಬಗ್ಗೆ ಇನ್‌ಚಾರ್ಜ್ ಸಿಸ್ಟರ್ ಬರೆದುಕೊಡುವ ವರದಿಯ ಮೇಲೆಯೇ ಅವರ ಕಣ್ಣು. ಆ ಇನ್‌ಚಾರ್ಜ್ ನಾನೇ ಆಗಿದ್ದು ನಿನ್ನ ಹಣೆಬರಹ. ಬೇರೆ ವಾರ್ಡ್ ಕೊಡಿ ಎಂದು ನೀನು ಎರಡು ಸಲ ಕೇಳಿದ್ದೆಯಂತೆ. ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡು. ನನ್ನ ಮಗಳು ನರ್ಸುಗಳಿಗೆ ಚೌಕ ಬರೆಯೋದು ಕಲಿಸ್ತಾಳೆ ಎಂದು ಊಟದ ಕೋಣೆಯಲ್ಲಿ ಹತ್ತು ಜನರ ಮುಂದೆ ನಕ್ಕವಳು ನಾನು. ಅದು ನಿನ್ನ ಕಿವಿಗೆ ಬಿತ್ತು, ಭಾನುವಾರದ ಊಟಕ್ಕೆ ನೀನು ಬರುವುದು ನಿಂತಿತು.

ಹುಡುಗಿಯರು ಬಂದ ಮೊದಲ ಮೂರು ದಿನ ಏನೂ ಮಾಡಲಿಲ್ಲ. ಸುಮ್ಮನೆ ನಿಂತು ನೋಡುತ್ತಿದ್ದರು. ಅವರಲ್ಲಿ ತೆಳ್ಳಗಿನವಳೊಬ್ಬಳು ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದಳು, ನಾನು ಅವಳಿಗೆ ಪೆನ್ಸಿಲ್ ಎಂದೇ ಹೆಸರಿಟ್ಟೆ. ಇದೇನು ಪ್ರದರ್ಶನ ನೋಡೋಕೆ ಬಂದಿದೀರಾ ಎಂದು ರೇಗಿದ್ದಕ್ಕೆ ಅವಳು, “ಏನು ಸರಿಯಿಲ್ಲ ಅಂತ ಗೊತ್ತಾಗೋ ಮೊದಲೇ ಸರಿಮಾಡೋಕೆ ಹೋಗ್ಬೇಡಿ ಅಂದಿದಾರೆ ಸಿಸ್ಟರ್, ನಮ್ ಮೇಡಂ,” ಎಂದಳು. ಆ ಮೇಡಂ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ಅವಳಿಗೆ ಆಗಿನ್ನೂ ತಿಳಿದಿರಲಿಲ್ಲ.

ನಾಲ್ಕನೇ ದಿನ ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟಳು. ಇಪ್ಪತ್ತೆರಡು ಹಾಸಿಗೆ, ಹದಿನಾಲ್ಕರಲ್ಲಿ ನೀರಿನ ಜಗ್ಗು ರೋಗಿಯ ಕೈಗೆ ಎಟುಕುವುದಿಲ್ಲ. ಏಳನೇ ಹಾಸಿಗೆಯಲ್ಲಿ ಒಬ್ಬರು ಪೋಸ್ಟ್‌ಮ್ಯಾನ್, ನಾವು ಅಂಚೆಯವರು ಅನ್ನುವುದು, ಅವರಿಗೆ ಬಲಗೈಯಲ್ಲಿ ಸ್ವಾಧೀನವಿಲ್ಲ. ಜಗ್ಗು ಇಟ್ಟ ಪುಟ್ಟ ಬೀರು ಬಲಕ್ಕೇ ಇದೆ. ಅವರು ಬೆಳಗಿನಿಂದ ಆ ಜಗ್ಗನ್ನು ನೋಡುತ್ತ ಮಲಗಿದ್ದರು. ಮೂವತ್ತೊಂದು ವರ್ಷದ ಅನುಭವ ಹೊತ್ತುಕೊಂಡು ನಾನು ಆ ಹಾಸಿಗೆಯ ಪಕ್ಕ ದಿನಕ್ಕೆ ಹತ್ತು ಸಲ ಓಡಾಡಿದ್ದೇನೆ. ಜ್ವರ ನೋಡಿದೆ, ಬಿ.ಪಿ. ನೋಡಿದೆ, ಬಾಯಾರಿಕೆ ನನ್ನ ಕಣ್ಣಿಗೆ ಬೀಳಲಿಲ್ಲ. ಎದ್ದುಹೋಗಿ ನಾನೇ ಅವರಿಗೆ ನೀರು ಕುಡಿಸಿದೆ ಕಣೆ.

ಆಮೇಲೆ ಪಟ್ಟಿ ಬಂತು, ನಾನು ನಕ್ಕಿದ್ದ ಅದೇ ಚೌಕಗಳು. ಉದ್ದಕ್ಕೆ ಕೆಲಸ, ಅಡ್ಡಕ್ಕೆ ವಾರ, ಪ್ರತಿ ಕೆಲಸದ ಮುಂದೆ ಒಬ್ಬರದೇ ಹೆಸರು. ‘ಎಲ್ಲರೂ ನೋಡಿಕೊಳ್ಳುವುದು’ ಎಂಬ ಸಾಲು ಎಲ್ಲಿಯೂ ಇರಲಿಲ್ಲ. ಎಲ್ಲರೂ ನೋಡಿಕೊಳ್ಳಬೇಕಾದದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ ಎಂದು ನಾನು ಅರಿಯಲು ಅರ್ಧ ಆಯುಷ್ಯ ಬೇಕಾಯಿತು, ನೀನು ಅದನ್ನು ಇಪ್ಪತ್ತು ವರ್ಷದ ಮಕ್ಕಳಿಗೆ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದೀಯ. ಒಂದು ವಿಷಯಕ್ಕೆ ಮಾತ್ರ ನನ್ನ ಮೈ ಉರಿಯಿತು. ಪಟ್ಟಿಯನ್ನು ಪೆನ್ಸಿಲ್‌ನಲ್ಲಿ ಬರೆದಿದ್ದರು. ಯೋಜನೆ ಅಂದ್ರೆ ತಿದ್ದೋದಕ್ಕೇ ಇರೋದು ಎಂಬುದು ನಿನ್ನ ಪಾಠವಂತೆ. ನಮ್ಮಲ್ಲಿ ಕೇಸ್ ಶೀಟಿಗೆ ರಬ್ಬರ್ ಮುಟ್ಟಿಸುವ ಹಾಗಿಲ್ಲ. ಎಲ್ಲವೂ ಪೆನ್ನಿನಲ್ಲಿ, ತಪ್ಪಿದರೆ ಓದಲು ಬರುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಸಹಿ. ಇದು ನಿನಗೂ ಗೊತ್ತು.

ಯೋಜನೆಯ ಪ್ರಕಾರ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬಳು ಬೀರುಗಳನ್ನೆಲ್ಲ ರೋಗಿಯ ಗಟ್ಟಿ ಕೈಯ ಕಡೆಗೆ ಸರಿಸಬೇಕು, ಹನ್ನೆರಡಕ್ಕೆ ಇನ್ನೊಬ್ಬಳು ಎಣಿಸಬೇಕು. ಸರಿಸಿದರು, ಎಣಿಸಿದರು. ಹನ್ನೆರಡಕ್ಕೆ ಮತ್ತೆ ಹದಿಮೂರು ಜಗ್ಗು ಕೈಗೆಟುಕದಷ್ಟು ದೂರ. ಮರುದಿನವೂ ಅದೇ ಕಥೆ. ಹೀಗೆ ಒಂದು ವಾರ ಹಾಳಾಯಿತು. ನಾನು ನಿಮ್ಮ ಕಾಲೇಜಿಗೆ ಕಳಿಸಿದ ನಡುವಿನ ವರದಿಯಲ್ಲಿ, ‘ಯೋಜನೆ ಕೆಲಸ ಮಾಡುತ್ತಿಲ್ಲವೆಂದು ತಿಳಿದೂ ವಿದ್ಯಾರ್ಥಿನಿಯರು ಅದನ್ನು ಬದಲಿಸದೆ ಒಂದು ವಾರ ಕಳೆದರು’ ಎಂದು ಬರೆದೆ. ಸಮಿತಿಯವರು ಹಿಡಿದುಕೊಂಡಿರುವುದು ಅದೊಂದೇ ವಾಕ್ಯವನ್ನು ಎಂದು ಕೇಳಿದೆ. ಅದಕ್ಕಾಗಿ ನೀನು ಆ ಮಕ್ಕಳನ್ನು ಚೆನ್ನಾಗಿ ಬೈದೆಯಂತೆ. ಅದಿರಲಿ, ಆ ಮಾತು ಈಗ ಬೇಡ.

ಕೆಟ್ಟುಹೋದ ಕೆಲಸವನ್ನು ಅವರು ರಿಪೇರಿ ಮಾಡಿದ ರೀತಿ ಹೇಳುತ್ತೇನೆ, ಕೇಳು. ನನ್ನ ಕಾಲದಲ್ಲಾಗಿದ್ದರೆ ಅವಳು ಇವಳ ಮೇಲೆ, ಇವಳು ಅವಳ ಮೇಲೆ ಎತ್ತಿಹಾಕಿ, ಕೊನೆಗೆ ಎಲ್ಲಕ್ಕಿಂತ ಚಿಕ್ಕವಳು ಅಳುತ್ತ ನಿಲ್ಲುತ್ತಿದ್ದಳು. ಇವರು ಮೆಟ್ಟಿಲ ಮೇಲೆ ಕೂತು ಒಂದೇ ಪ್ರಶ್ನೆ ಕೇಳಿಕೊಂಡರು: ನಾವು ಯಾರನ್ನ ಕೇಳೋದು ಬಿಟ್ವಿ? ಪೆನ್ಸಿಲ್ ಎದ್ದು ಸೀದಾ ನೆಲದಮ್ಮನ ಹತ್ತಿರ ಹೋದಳು. ನೆಲ ಒರೆಸುವ ಆ ಹೆಂಗಸನ್ನು ನಾವೆಲ್ಲ ಕರೆಯುವುದೇ ಹಾಗೆ. ಡಾಕ್ಟರು ಬಂದು ಹೋದ ಮೇಲೆ, ಹನ್ನೊಂದಕ್ಕೆ, ಆಕೆ ಇನ್ನೊಮ್ಮೆ ನೆಲ ಒರೆಸುತ್ತಾಳೆ. ಒರೆಸಲು ಬೀರುಗಳನ್ನು ಎಳೆಯುತ್ತಾಳೆ, ಆಮೇಲೆ ಎಲ್ಲವನ್ನೂ ಬಲಕ್ಕೇ ಸಾಲಾಗಿ ನಿಲ್ಲಿಸುತ್ತಾಳೆ. ಸಾಲು ಒಂದಿಷ್ಟೂ ಸೊಟ್ಟಗಾಗಬಾರದು ಎಂದು ಹನ್ನೆರಡು ವರ್ಷದ ಹಿಂದೆ ಅಪ್ಪಣೆ ಕೊಟ್ಟ ಮಹಾತಾಯಿ ಯಾರು ಹೇಳು? ನಿನ್ನಮ್ಮ.

“ಪಟ್ಟೀಲಿ ಡಾಕ್ಟ್ರ ಹೆಸರಿದೆ, ಔಷಧಿ ಕೊಡೋರ ಹೆಸರಿದೆ, ನಂದೆಲ್ಲಿ?” ಎಂದು ಆಕೆ ಕೇಳಿದಳಂತೆ. ಬೀರುಗಳಿಗೆ ಚೀಟಿ ಅಂಟಿಸೋಣ ಎಂದು ಹುಡುಗಿಯರು ಅಂದಾಗ ಆಕೆ ನಕ್ಕುಬಿಟ್ಟಳಂತೆ. “ದಿನವಿಡೀ ನೆಲ ನೋಡೋಳು ನಾನು. ಗುರುತು ನೆಲದ ಮೇಲೆ ಹಾಕಿ.” ಸರಿ, ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಕತ್ತರಿಸಿ ಪ್ರತಿ ಹಾಸಿಗೆಯ ಪಕ್ಕ ನೆಲಕ್ಕೆ ಅಂಟಿಸಿದರು. ಹೊಸ ರೋಗಿ ಬಂದ ಕೂಡಲೇ ಯಾವ ಕೈ ಗಟ್ಟಿ ಎಂದು ಕೇಳಿ ಗುರುತು ಬದಲಿಸುವ ಕೆಲಸಕ್ಕೂ ಒಬ್ಬಳ ಹೆಸರು ಬಂತು. ಪಟ್ಟಿಯಲ್ಲಿ ನೆಲದಮ್ಮನ ಹೆಸರು ಎಲ್ಲಕ್ಕಿಂತ ಮೇಲಿನ ಸಾಲಿಗೆ ಏರಿತು. ಆಕೆ ಹೋಗುವಾಗ ಬರುವಾಗ ಅದನ್ನೊಮ್ಮೆ ನೋಡಿಕೊಂಡೇ ಹೋಗುತ್ತಾಳೆ.

ಆರನೇ ವಾರದ ಲೆಕ್ಕ: ಇಪ್ಪತ್ತೆರಡರಲ್ಲಿ ದೂರವಿದ್ದ ಜಗ್ಗು ಒಂದೇ. ಅದನ್ನೂ ಆ ಹಾಸಿಗೆಯ ಅಜ್ಜಿಯೇ ತನ್ನ ರೇಡಿಯೋಗೆ ಜಾಗ ಮಾಡಲು ತಳ್ಳಿಕೊಂಡದ್ದು. ಅಂಚೆಯವರು ಎಡಗೈಯಲ್ಲಿ ತಾವೇ ಲೋಟ ಎತ್ತಿ, ನೋಡಿ ಎನ್ನುವಂತೆ ನನಗೆ ತೋರಿಸಿ ಕುಡಿದರು. ಒಳ್ಳೆಯ ನರ್ಸ್ ಓಡಬೇಕು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಓಡುವ ಮೊದಲು ನಿಂತು ನೋಡಬೇಕು ಎಂದು ನೀನು ಕಲಿಸುತ್ತಿದ್ದೀಯ. ನನ್ನ ಮಗಳು ನನಗಿಂತ ಒಳ್ಳೆಯ ನರ್ಸುಗಳನ್ನು ತಯಾರು ಮಾಡುತ್ತಿದ್ದಾಳೆ. ಬರೆದು ಕೊಟ್ಟಿದ್ದೇನೆ, ಜೋಪಾನವಾಗಿಟ್ಟುಕೋ. ಇನ್ನೊಮ್ಮೆ ಹೇಳು ಎಂದರೆ ಹೇಳುವವಳಲ್ಲ ನಾನು.

ಹೆಮ್ಮೆಯಿಂದ ಎದೆಯುಬ್ಬಿಸಿಕೊಂಡು ಕೂತಿರುವ,
ನಿನ್ನ ಅಮ್ಮ

ಮತ್ತೆ ಬರೆದದ್ದು: ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಧೈರ್ಯ ಸಾಲದೆ ಬಿಟ್ಟಿದ್ದೆ. ಆ ಹಾಳಾದ ವಾರ ನನ್ನದು. ನನ್ನ ವಾರ್ಡಿನಲ್ಲಿ ಪೆನ್ಸಿಲ್ ನಡೆಯಲ್ಲ ಎಂದು ಇಡೀ ಪಟ್ಟಿಯನ್ನು ಪೆನ್ನಿನಲ್ಲಿ ಬರೆಸಿದ್ದೆ. ಎರಡನೇ ದಿನವೇ, ನಾನು ಪೆನ್ಸಿಲ್ ಎಂದು ಹೆಸರಿಟ್ಟ ಆ ಹುಡುಗಿ, ಪಟ್ಟಿ ತಿದ್ದಬೇಕು ಎಂದು ಬಂದಳು. ಬರೆದದ್ದು ಬರೆದದ್ದೇ, ಮೊದಲು ಅದನ್ನ ನೆಟ್ಟಗೆ ಮಾಡಿ ಎಂದು ಗದರಿಸಿ ಕಳಿಸಿದೆ. ಒಂದು ವಾರ ನನ್ನ ಮಾತು ಕೇಳಿದ್ದೇ ಅವರ ತಪ್ಪು. ನೀನು ಬೈದ ದಿನ ನಾನು ನಿಮ್ಮ ತರಗತಿಯ ಹೊರಗೇ ಇದ್ದೆ, ಕೊನೆಯ ವರದಿ ಕೊಡಲು ಬಂದಿದ್ದೆ. “ನಮ್ದೇ ತಪ್ಪು ಮೇಡಂ,” ಎಂದಳು ಅವಳು. ನಾನು ನಿನ್ನ ಅಮ್ಮ ಎಂದು ಅಷ್ಟರಲ್ಲಿ ಅವಳಿಗೆ ತಿಳಿದಿತ್ತು, ಅದಕ್ಕೇ ನನ್ನ ಹೆಸರೆತ್ತಲಿಲ್ಲ. ನಾನು ಕೇಳಿಸಿಕೊಂಡು ಸದ್ದಿಲ್ಲದೆ ವಾಪಸ್ ಬಂದೆ.

ಮೇಲಿನ ಕಾಗದವೆಲ್ಲ ಪೆನ್ಸಿಲ್‌ನಲ್ಲಿದೆ, ನಾಲ್ಕು ಕಡೆ ಅಳಿಸಿದ ಗುರುತು ಕಾಣುತ್ತದೆ. ಇದನ್ನು ಮಾತ್ರ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ನಿಮ್ಮ ಆಫೀಸಿಗೆ ಹೋಗಿ, ಆ ವಾಕ್ಯದ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ನಡೆದದ್ದನ್ನು ಕೆಳಗೆ ಬರೆದು, ಪಕ್ಕದಲ್ಲಿ ಸಹಿ ಹಾಕಿ ಬಂದಿದ್ದೇನೆ. ಸಮಿತಿ ಏನು ಮಾಡುತ್ತದೋ ನನಗೆ ಗೊತ್ತಿಲ್ಲ. ಗುರುವಾರದೊಳಗೆ ನೀನು ಆ ಹುಡುಗಿಯನ್ನು ಕರೆದು, ಬೈದದ್ದನ್ನು ವಾಪಸ್ ತೆಗೆದುಕೋ. ಆ ಬೈಗುಳ ನನಗೆ ಸೇರಬೇಕಾದದ್ದು. ಭಾನುವಾರ ಊಟಕ್ಕೆ ಬಂದು ಕೊಟ್ಟುಹೋಗು.