ಬಟ್ಟಲಿನೊಳಗಿನ ನೀರು

ಮಾರಿಸ್‌ವಿಲ್, ನಾರ್ತ್ ಕ್ಯಾರೊಲಿನಾ
೧೭ ಸೆಪ್ಟೆಂಬರ್ ೨೦೨೩, ರವಿವಾರ

ಪ್ರೀತಿಯ ಸಿದ್ದೂ,

ಅವ್ವನ ಆಶೀರ್ವಾದಗಳು. ಆರೋಗ್ಯ ಹೇಗಿದೆ? ಇದನ್ನು ವಾಡಿಕೆಗೆ ಕೇಳುತ್ತಿಲ್ಲ, ಉತ್ತರ ಬೇಕೆಂದೇ ಕೇಳುತ್ತಿದ್ದೇನೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಸಕ್ಕರೆ ಮಾತ್ರ ಹಿಡಿತದಲ್ಲಿದೆ. ನಿನ್ನ ಮಗಳು ಅಕ್ಷಯಾಳ ಕಾಲು ಬೆಳೆದು ಜೂನ್‌ನಲ್ಲಿ ತಂದ ಬೂಟು ಈಗಲೇ ಬಿಗಿಯಾಗಿದೆ. ಅಳಿಯಂದಿರು ಹೊತ್ತಿಗೆ ಸರಿಯಾಗಿ ಅಡುಗೆ ಮಾಡುತ್ತಾರೆ, ಪಾತ್ರೆಯನ್ನೂ ತೊಳೆಯುತ್ತಾರೆ, ಅವರ ಮೇಲೆ ನನ್ನದೇನೂ ದೂರಿಲ್ಲ. ಒಂದಿದೆ, ಮುಂದೆ ಹೇಳುತ್ತೇನೆ. ದಿನಾ ಫೋನಿನಲ್ಲಿ ಮಾತಾಡುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಪಕ್ಕದಲ್ಲಿ ಸೌರಭ ಅವರು ಕೂತಿರುತ್ತಾರೆ. ಅಳಿಯನ ಎದುರು ಮಗಳನ್ನು ಅಡ್ಡ ಪ್ರಶ್ನೆ ಕೇಳುವುದು ನಮ್ಮ ಮನೆತನದಲ್ಲಿಲ್ಲ. ಅದಕ್ಕೇ ಇದನ್ನು ನಾಲ್ಕು ಮನೆ ಆಚೆಯ ಗದಗಿನ ಮಹಾದೇವಕ್ಕನ ಕೈಯಲ್ಲಿ ಗುಟ್ಟಾಗಿ ಅಂಚೆಗೆ ಹಾಕಿಸುತ್ತಿದ್ದೇನೆ. ಅವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಆದರೆ ಅವರಿಗೆ ಡ್ರೈವಿಂಗ್ ಬರುತ್ತದೆ.

ನಿನ್ನ ಚರ್ಚುಗಳ ವಿಷಯಕ್ಕೆ ಬರುತ್ತೇನೆ. ಹಳೇ ಕಟ್ಟಡಗಳ ಬಿರುಕು ನೋಡುವ ಎಂಜಿನಿಯರು ನೀನು, ಫೆಬ್ರುವರಿಯಲ್ಲಿ ಒಂದು ವರ್ಷದ ಕೆಲಸಕ್ಕೆ ನೆದರ್ಲೆಂಡ್ಸಿಗೆ ಹೋದೆ. ಬ್ರಾಬಾಂಟ್ ಸೀಮೆಯ ಹಳ್ಳಿಹಳ್ಳಿಯ ಕ್ಯಾಥೊಲಿಕ್ ಚರ್ಚುಗಳಲ್ಲಿ ಯಾವುದು ನಿಂತೀತು, ಯಾವುದನ್ನು ಗ್ರಂಥಾಲಯ ಮಾಡಬಹುದು ಎಂದು ನೋಡುವುದು ನಿನ್ನ ಕೆಲಸ. ಪ್ರತಿ ಶನಿವಾರ ನನಗೆ ಫೋಟೋ, ಜೊತೆಗೆ ಪಾಠ. ಮೂವತ್ತೊಂದು ವರ್ಷ ಧಾರವಾಡದ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವಳು ನಾನು, ಒಂದನ್ನೂ ಬಿಡದೆ ವಹಿಯಲ್ಲಿ ಬರೆದುಕೊಂಡಿದ್ದೇನೆ. ಅಲ್ಲಿ ಪ್ರಾಟೆಸ್ಟಂಟರ ಆಳ್ವಿಕೆಯಲ್ಲಿ ಕ್ಯಾಥೊಲಿಕ್ ಜನ ಬಹಿರಂಗವಾಗಿ ಪೂಜೆ ಮಾಡುವ ಹಾಗಿರಲಿಲ್ಲವಂತೆ. ಊರಿನಲ್ಲಿ ಹೊರಗಿನಿಂದ ಮನೆ, ಒಳಗೆ ಚರ್ಚು. ಹಳ್ಳಿಯಲ್ಲಾದರೆ ಹೊರಗಿನಿಂದ ಕಣಜ, ಒಳಗೆ ಚರ್ಚು. ನೆರೆಯವರಿಗೆಲ್ಲ ಗೊತ್ತಿತ್ತು, ಬೀದಿಗೆ ಕಾಣದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಕಟ್ಟಲು ಅಪ್ಪಣೆ ಸಿಕ್ಕಾಗ ಮೇಲ್ವಿಚಾರಣೆಗೆ ಬಂದವರು ನೀರಿನ ಇಲಾಖೆಯ ಎಂಜಿನಿಯರುಗಳು. ಇದನ್ನು ಓದಿ ಬಹಳ ನಕ್ಕೆ. ನಿನ್ನ ಅಪ್ಪ ನೀರಾವರಿ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದರೂ ನಮ್ಮ ಕ್ವಾರ್ಟರ್ಸಿನ ಸೋರುವ ಮಾಳಿಗೆ ನೆಟ್ಟಗಾಗಲಿಲ್ಲ. ಅಲ್ಲಿ ಕಲ್ಲಿಲ್ಲ, ಎಲ್ಲಾ ಇಟ್ಟಿಗೆ. ಎಷ್ಟೋ ಕಡೆ ತಲೆಯ ಮೇಲಿನ ಕಮಾನು ಕಲ್ಲಿನದೂ ಅಲ್ಲ, ಇಟ್ಟಿಗೆಯದೂ ಅಲ್ಲ, ಮರದ ಪಟ್ಟಿಗೆ ಗಾರೆ ಬಳಿದು ಕಲ್ಲಿನ ಹಾಗೆ ಬಣ್ಣ ಹಚ್ಚಿದ್ದು. ಹುಸಿ ಕಮಾನು ಎಂದು ನೀನೇ ಬರೆದಿದ್ದೆ. ಈಗ ಆ ಮಾತು ನನಗೆ ಬೇರೆ ಕಾರಣಕ್ಕೆ ನೆನಪಾಗುತ್ತಿದೆ.

ಮೊದಲು ನನಗೆ ಬಂದ ಅನುಮಾನ ಹೇಳಿಬಿಡುತ್ತೇನೆ, ಬೈಯಬೇಡ. ಜುಲೈ ಕೊನೆಯಲ್ಲಿ ನೀನು ಕಳಿಸಿದ ನಿನ್ನ ಒಂದು ಫೋಟೋದಲ್ಲಿ ಕೊರಳಲ್ಲಿ ಶಿವದಾರ ಇರಲಿಲ್ಲ. ಐನಾರು ಲಿಂಗ ಕಟ್ಟಿದ ದಿನದಿಂದ ಅದಿಲ್ಲದೆ ನಿನ್ನನ್ನು ನಾನು ನೋಡಿಲ್ಲ. ಮಹಾದೇವಕ್ಕನಿಗೆ ತೋರಿಸಿದೆ, ತಪ್ಪು ಮಾಡಿದೆ. "ವಾರಾ ವಾರಾ ಚರ್ಚಿಗೆ ಹೋಗೂದು ಸುರು ಆತಂದ್ರ ಮುಗೀತ್ರೀ ಟೀಚರ್" ಎಂದರು. ಮೂರು ದಿನ ಅನ್ನ ಸೇರಲಿಲ್ಲ. ಅವರ ಮೇಣದಬತ್ತಿ, ಅವರ ಹಾಡು ಎಲ್ಲಾ ಕಣ್ಣಮುಂದೆ ಬಂತು. ನಿನಗೆ ಒಬ್ಬ ಪಾದ್ರಿಯ ಗುರುತಿದೆ, ಅವರು ಸೂಪ್ ಕೊಟ್ಟರು ಎಂದು ಬರೆದಿದ್ದೆಯಲ್ಲ, ಆ ಸೂಪಿನ ಮೇಲೂ ನನಗೆ ಸಿಟ್ಟು ಬಂತು. ಕಡೆಗೆ ನಿನ್ನ ಪಾಠವಾದರೂ ಬದಲಾಗಿದೆಯೇ ನೋಡೋಣವೆಂದು ಫೆಬ್ರುವರಿಯಿಂದ ಎಲ್ಲಾ ಫೋಟೋಗಳನ್ನೂ ಅಕ್ಷಯಾಳ ಟ್ಯಾಬ್ಲೆಟ್ಟಿನಲ್ಲಿ ದೊಡ್ಡದು ಮಾಡಿ ನೋಡುತ್ತಾ ಕೂತೆ.

ಹುಡುಗರಿಗೆ ನಾನು ಮೊದಲ ದಿನ ಕಲಿಸುತ್ತಿದ್ದುದು ಒಂದೇ ಗೆರೆ, ಕಣ್ಣಿನ ಮಟ್ಟದ ಗೆರೆ. ಆ ಗೆರೆಗಿಂತ ಕೆಳಗಿನ ತಂಬಿಗೆಯ ಒಳಗು ಕಾಣುತ್ತದೆ, ಮೇಲಿನದರ ತಳ ಕಾಣುತ್ತದೆ, ಸರಿಯಾಗಿ ಗೆರೆಯ ಮೇಲಿದ್ದರೆ ಅದರ ಬಾಯಿ ಬರೀ ಅಡ್ಡಗೀಟು. ನಿನಗೂ ಅಡುಗೆಮನೆಯಲ್ಲಿ ಕೂಡಿಸಿ ಕಲಿಸಿದ್ದೆ. ನಿನ್ನ ಆ ಸಂತ ಯೋಸೇಫರ ಚರ್ಚಿನ ಬಾಗಿಲ ಪಕ್ಕದ ಗೋಡೆಯಲ್ಲಿ ತೀರ್ಥದ ಕಲ್ಲುಬಟ್ಟಲಿದೆ. ಏಪ್ರಿಲ್ ಫೋಟೋದಲ್ಲಿ ಅದರೊಳಗಿನ ನೀರು, ನೀರಿನಲ್ಲಿ ಕಿಟಕಿಯ ಕೆಂಪು ಬಣ್ಣ ಎಲ್ಲಾ ಕಾಣುತ್ತದೆ. ಆಗಸ್ಟಿನಲ್ಲಿ ಅದೇ ಬಟ್ಟಲಿನ ಬಾಯಿ ಒಂದು ಗೀಟು. ಬಗ್ಗಿ ತೆಗೆದಿರಬಹುದು ಎಂದುಕೊಂಡೆ. ಆದರೆ ಬಗ್ಗಿ ತೆಗೆದರೆ ಒಂದರಿಂದ ಒಂದಕ್ಕೆ ಮಟ್ಟ ಏರುಪೇರಾಗುತ್ತದೆ. ಸ್ಕೇಲು ಇಟ್ಟು ನೋಡಿದೆ ಸಿದ್ದೂ. ಜುಲೈ ಆದ ಮೇಲಿನ ಹತ್ತೊಂಬತ್ತು ಫೋಟೋಗಳಲ್ಲೂ ಮಟ್ಟ ಒಂದೇ, ಕುರ್ಚಿಯಲ್ಲಿ ಕೂತವರ ಕಣ್ಣಿನದು. ಇನ್ನೊಂದು ಮಾತು. ಗೋಳಗುಮ್ಮಟದ ಮೆಟ್ಟಿಲನ್ನು ಎಣಿಸುತ್ತಾ ಹತ್ತಿದ ಹುಡುಗಿ ನೀನು. ಜೂನ್ ತನಕ ಪ್ರತಿ ಗೋಪುರಕ್ಕೂ ಲೆಕ್ಕ ಬರೆಯುತ್ತಿದ್ದೆ, ನೂರಾ ಅರವತ್ತೆಂಟು, ಇನ್ನೂರಾ ಹದಿನಾಲ್ಕು ಎಂದು. ಆಮೇಲೆ ಒಂದು ಮೆಟ್ಟಿಲಿನ ಸುದ್ದಿಯೂ ಇಲ್ಲ.

ಇನ್ನು ಅಳಿಯಂದಿರ ಮೇಲಿನ ದೂರು. ಜುಲೈಯಲ್ಲಿ ನಿನ್ನ ಫೋನು ಎಂಟು ದಿನ ಬರಲಿಲ್ಲ, ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲ ಎಂದರು. ಅದೇ ವಾರ ಅವರಿಗೆ ಅಟ್ಲಾಂಟಾದಲ್ಲಿ ಆಫೀಸಿನ ಕೆಲಸ ಬಿತ್ತು. ಅಲ್ಲೇ ಹತ್ತಿರ ಸುವಾನಿಯಲ್ಲಿ ಗೆಳೆಯರ ಮನೆಯಲ್ಲಿದ್ದೆ ಎಂದರು. ಸದಾ ಕಾರಿನಲ್ಲಿ ಹೋಗುವವರು ಅವತ್ತು ವಿಮಾನದಲ್ಲಿ ಹೋದರು. ಬಂದ ಮೇಲೆ ಬ್ಯಾಗನ್ನು ಒಳಗೆ ಇಡಲು ಹೋದಾಗ ಅದರ ಹಿಡಿಗೆ ಅಂಟಿಸಿದ ಚೀಟಿಯಲ್ಲಿ ಎ, ಎಂ, ಎಸ್ ಎಂದಿತ್ತು. ಅಟ್ಲಾಂಟಾದಲ್ಲಿ ಎಂ ಎಲ್ಲಿಂದ ಬಂತು? ಅದು ನಿನ್ನ ನೆದರ್ಲೆಂಡ್ಸಿನ ವಿಮಾನ ನಿಲ್ದಾಣದ ಗುರುತು ಎಂದು ಆಗ ತಲೆಗೆ ಹೋಗಲಿಲ್ಲ. ಮೊನ್ನೆ ಸುಮ್ಮನೆ "ಅಟ್ಲಾಂಟಾದಾಗ ಮಳಿ ಇತ್ತೇನ್ರಿ?" ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು. "ಇಲ್ರಿ ಅತ್ತಿ, ಸಿದ್ದು ಆರಾಮ ಅದಾಳ್ರಿ" ಎಂದರು. ನಾನು ಕೇಳಿದ್ದು ಮಳೆಯನ್ನು. ನಿನ್ನೆ ಗಣಪತಿಗೆ ಗರಿಕೆ ಬಿಡಿಸುತ್ತಾ ಅಕ್ಷಯಾಳನ್ನು ನಿನ್ನ ಅಮ್ಮ ಹೇಗಿದ್ದಾಳೆ ಎಂದು ಕೇಳಿದರೆ, "ಮಾಮ್ ಈಸ್ ಓಕೆ ನೌ, ಅಜ್ಜಿ" ಎಂದಳು. ಆ ಕೂಸಿನ ಇಂಗ್ಲಿಷು ನನಗೆ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ನೌ ಎಂದರೆ ಈಗ ಎಂದು ಗೊತ್ತು. ಈಗ ಚೆನ್ನಾಗಿದ್ದಾಳೆ ಎಂದರೆ ಮೊದಲು ಏನಾಗಿತ್ತು? ಅವಳನ್ನು ಮುಂದೆ ಕೆದಕಲಿಲ್ಲ. ಮಗುವಿನ ಬಾಯಿಂದ ಸುಳ್ಳು ಹೇಳಿಸುವುದು ಬೇಡ ಎನಿಸಿತು.

ಶಿವದಾರದ ಕಾರಣ ನಿನ್ನೆ ಊಟದ ಹೊತ್ತಿಗೆ ಹೊಳೆಯಿತು. ಆಸ್ಪತ್ರೆಯ ದೊಡ್ಡ ಯಂತ್ರದೊಳಗೆ ಮಲಗಿಸುವಾಗ ಮೈಮೇಲೆ ಬೆಳ್ಳಿ ಇರಬಾರದು, ಲಿಂಗದ ಕರಡಿಗೆಯನ್ನು ದಾರದ ಸಮೇತ ಬಿಚ್ಚಿಸುತ್ತಾರೆ. ನಿನ್ನ ಅಪ್ಪನಿಗೂ ಹಾಗೆಯೇ ಬಿಚ್ಚಿಸಿದ್ದರು. ಇಷ್ಟು ದಿನ ನಿನ್ನ ಧರ್ಮದ ಚಿಂತೆ ಮಾಡಿದೆನಲ್ಲ, ನಿನ್ನ ಎಲುಬಿನ ಚಿಂತೆ ಬರಲಿಲ್ಲವಲ್ಲ ಎಂದು ತುತ್ತು ಬಿಟ್ಟು ಎದ್ದೆ. ನಾಚಿಕೆಯಾಯಿತು.

ನೀವೆಲ್ಲ ಸೇರಿ ನನಗಾಗಿ ಒಂದು ಕಣಜ ಕಟ್ಟಿದ್ದೀರಿ. ಹೊರಗಿನಿಂದ ಎಲ್ಲಾ ಆರಾಮು, ಒಳಗೆ ಗಾಲಿಕುರ್ಚಿಯಲ್ಲಿ ನೀನು. ನನಗೆ ಸಿಟ್ಟು ಬಂದಿದೆ, ಬಹಳ ಬಂದಿದೆ, ಆದರೆ ಬೈಯಲು ಬಾಯಿಲ್ಲ. ನಿನ್ನ ಕೊನೆಯ ವರ್ಷದ ಪರೀಕ್ಷೆಯಲ್ಲಿ ಅಪ್ಪನನ್ನು ಹುಬ್ಬಳ್ಳಿಗೆ ಸೇರಿಸಿದಾಗ, ಹದಿನಾರು ದಿನ "ಅಪ್ಪ ಡ್ಯಾಮಿನ ಮ್ಯಾಲ ಹೋಗ್ಯಾರ" ಎಂದು ಫೋನಿನಲ್ಲಿ ಹೇಳಿದವಳು ನಾನೇ. ನೀನು ಬಂದಾಗ ಅವರಿಗೆ ಮಾತು ನಿಂತಿತ್ತು. ಅವತ್ತು ನೀನು ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. "ನನಗ ಹೇಳಬೇಕಿತ್ತವ್ವಾ" ಎಂದೆ, ಅಷ್ಟೇ. ಈ ವಿದ್ಯೆ ನಿನಗೆ ಕಲಿಸಿದವಳು ನಾನು, ಅದಕ್ಕೇ ನನಗೆ ಗುರುತು ಸಿಕ್ಕಿತು. ಈಗ ಅದೇ ಮಾತು ನಾನು ಹೇಳುತ್ತಿದ್ದೇನೆ. ನನಗೆ ಹೇಳಬೇಕಿತ್ತು ಸಿದ್ದೂ.

ಅಳಿಯಂದಿರ ಮೇಲೆ ಹರಿಹಾಯಬೇಡ, ನೀನು ಆಣೆ ಹಾಕಿಸಿರುತ್ತೀ. ಆ ಸೂಪಿನ ಪಾದ್ರಿಗೆ ನನ್ನ ಶರಣು ತಿಳಿಸು. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಶಾಂತವ್ವ

ತಾ.ಕ.: ಮಹಾದೇವಕ್ಕ ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ನನಗೆ ದೊಡ್ಡ ಕಾಗದವೇನೂ ಬೇಡ. ಆ ಕಲ್ಲುಬಟ್ಟಲಿನ ಇನ್ನೊಂದು ಫೋಟೋ ಕಳಿಸು. ಕೈ ಮೇಲೆತ್ತಿ ತೆಗೆದು ಮೋಸ ಮಾಡಬೇಡ, ಕಣ್ಣಿಗೆ ಹಿಡಿದು ತೆಗೆ, ನನಗೆ ತಿಳಿಯುತ್ತದೆ. ಒಳಗಿನ ನೀರು ಕಂಡರೆ ಅನುಮಾನದ ಮುದುಕಿ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುತ್ತೇನೆ. ಕಾಣದಿದ್ದರೆ ಇದ್ದಲ್ಲೇ ಕೂತಿರು ಮಗಳೇ. ಮಹಾದೇವಕ್ಕನ ಮಗಳು ನನ್ನ ವೀಸಾದ ಅರ್ಜಿ ತುಂಬಿಟ್ಟಿದ್ದಾಳೆ, ನಾನೇ ಬರುತ್ತೇನೆ.